ಅಪ್ಪ-ಅಮ್ಮ, ಒಂಬತ್ತು ವರ್ಷದ ಮಗಳು, ಕೈಯಲ್ಲಿ ಒಂದೇ ದಿನ: ಪೊಂಪೇಯಿಗೆ ಹೋಗೋದಾ, ಓಸ್ಟಿಯಾ ಸಾಕಾ?

ಮ್ಯೂನಿಕ್_ಮಲ್ಲಿಗೆ
ಎಲ್ಲರಿಗೂ ನಮಸ್ಕಾರ. ಅಪ್ಪ-ಅಮ್ಮ ದಾವಣಗೆರೆಯಿಂದ ಬಂದಿದ್ದಾರೆ. ಸೆಪ್ಟೆಂಬರ್ ಮೊದಲ ವಾರ ಎಲ್ಲರೂ ರೋಮ್‌ಗೆ ಹೋಗುತ್ತಿದ್ದೇವೆ, ನಾಲ್ಕು ರಾತ್ರಿ. ಊರೊಳಗಿನದ್ದು ನೋಡೋಕೆ ಮೂರು ದಿನ ಇಟ್ಟಿದ್ದೇನೆ. ಉಳಿದ ಒಂದು ದಿನದ್ದೇ ಜಗಳ.

ಮಗಳಿಗೆ ಶಾಲೆಯಲ್ಲಿ ಜ್ವಾಲಾಮುಖಿ ಪಾಠ ಆದಾಗಿನಿಂದ ಪೊಂಪೇಯಿ ಪೊಂಪೇಯಿ ಅಂತ ಒಂದೇ ಜಪ. ಯಜಮಾನರು "ಅಷ್ಟು ದೂರ ಯಾಕೆ, ರೋಮ್ ಪಕ್ಕದಲ್ಲೇ ಓಸ್ಟಿಯಾ ಇದೆ, ಅದೂ ಹಾಳೂರೇ ಅಲ್ವಾ" ಅಂತಾರೆ. ಅಪ್ಪ ಪಿಡಬ್ಲ್ಯೂಡಿಯಲ್ಲಿ ಓವರ್‌ಸಿಯರ್ ಆಗಿದ್ದವರು, ಯಾವ ಊರಿಗೆ ಹೋದರೂ ಮೊದಲು ಚರಂಡಿ ನೋಡುತ್ತಾರೆ. ಅವರಿಗೆ ಎಲ್ಲಾದರೂ ಸರಿ. ಅಮ್ಮನಿಗೆ ಮಂಡಿ ನೋವು. ಎರಡು ಗಂಟೆ ನಡೆದರೆ ಮುಖ ಬಾಡುತ್ತೆ, ಆದರೆ ಬಾಯಿ ಬಿಟ್ಟು ಹೇಳಲ್ಲ. ಹೋಗಿ ಬಂದವರು ಹೇಳಿ, ರೋಮ್‌ನಿಂದ ಒಂದೇ ದಿನದಲ್ಲಿ ಪೊಂಪೇಯಿ ಆಗುತ್ತಾ?

ಬಾಯ್ಬಡುಕ_ಬಸ್ಯಾ
ಪೊಂಪೇಯಿ. ಇದರಲ್ಲಿ ಕೇಳೋದೇನಿದೆ.

ಗಂಟುಮೂಟೆ
ಆಗುತ್ತೆ, ಆದರೆ ಲೆಕ್ಕ ಹಾಕಿ ನೋಡಿ. ರೋಮ್‌ನಿಂದ ನೇಪಲ್ಸ್‌ಗೆ ವೇಗದ ರೈಲಿನಲ್ಲಿ ಒಂದು ಗಂಟೆ ಹತ್ತು ನಿಮಿಷದ ಆಸುಪಾಸು. ಅಲ್ಲಿ ಕೆಳಗಿಳಿದು ಚಿರ್ಕುಮ್‌ವೆಸುವಿಯಾನ ಅನ್ನೋ ಲೋಕಲ್ ರೈಲು ಹಿಡಿಯಬೇಕು. ಸೊರೆಂಟೊ ಕಡೆ ಹೋಗೋದು ಹತ್ತಿ 'ಪೊಂಪೇಯಿ ಸ್ಕಾವಿ'ಯಲ್ಲಿ ಇಳಿಯಿರಿ. ಅದು ಮುಕ್ಕಾಲು ಗಂಟೆ ಅಂದುಕೊಳ್ಳಿ. ಹುಡುಕಾಟ, ಕಾಯೋದು ಎಲ್ಲಾ ಸೇರಿ ಹೋಗೋಕೆ ಎರಡೂವರೆ ಗಂಟೆ, ಬರೋಕೆ ಎರಡೂವರೆ. ಮಧ್ಯೆ ಅಮ್ಮನವರ ಮಂಡಿ.

ನನ್ನ ಮಾತು ಕೇಳಿದರೆ ನಾಲ್ಕರಲ್ಲಿ ಒಂದು ರಾತ್ರಿ ನೇಪಲ್ಸ್‌ನಲ್ಲಿ ಉಳಿಯಿರಿ. ಬೆಳಿಗ್ಗೆ 9ಕ್ಕೆ ಬಾಗಿಲು ತೆಗೆಯುವಾಗಲೇ ಒಳಗಿರಬಹುದು. ಹನ್ನೊಂದರ ಮೇಲೆ ಬಿಸಿಲು ಸುಮ್ನೆ ಬಿಡಲ್ಲ. ನೆರಳು ಅನ್ನೋದೇ ಕಡಿಮೆ.

ಇನ್ನೊಂದು ವಿಷಯ, 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನ ಅಂತ ಮಿತಿ ಹಾಕಿದ್ದಾರೆ. ಟಿಕೆಟ್ ಮೇಲೆ ಪ್ರತಿಯೊಬ್ಬರ ಹೆಸರೂ ಇರುತ್ತೆ. ಮೊದಲೇ ತೆಗೆದುಕೊಳ್ಳಿ, ಗುರುತಿನ ಚೀಟಿ ಜೊತೆಗಿರಲಿ. ಹದಿನೆಂಟರ ಒಳಗಿನವರಿಗೆ ದುಡ್ಡಿಲ್ಲ. ದೊಡ್ಡ ಬ್ಯಾಗ್ ಒಳಗೆ ಬಿಡಲ್ಲ.

ನಿಧಾನಿ
ನಿಮ್ಮ ಯಜಮಾನರ ಪರ ಒಂದು ವೋಟು. ಓಸ್ಟಿಯಾ ಆಂಟಿಕಾಗೆ ರೋಮ್‌ನ ಪಿರಾಮಿಡೆ ಮೆಟ್ರೋ ಪಕ್ಕದ ಸ್ಟೇಷನ್‌ನಿಂದ ಅರ್ಧ ಗಂಟೆ. ಸಿಟಿ ಬಸ್ಸಿನ ಟಿಕೆಟ್ಟೇ ನಡೆಯುತ್ತೆ. ಒಳಗೆ ಛತ್ರಿ ಬಿಚ್ಚಿದ ಹಾಗೆ ಪೈನ್ ಮರಗಳು, ಕೂತುಕೊಳ್ಳೋಕೆ ಜಾಗ ಬೇಕಾದಷ್ಟು. ಅದು ರೋಮ್‌ನ ಬಂದರು ಆಗಿತ್ತು. ನಾಟಕಶಾಲೆ ಹಿಂದೆ ಒಂದು ಚೌಕ ಇದೆ, ಸುತ್ತ ವ್ಯಾಪಾರಿಗಳ ಮಳಿಗೆ. ಪ್ರತಿ ಮಳಿಗೆ ಮುಂದೆ ನೆಲದಲ್ಲೇ ಕಪ್ಪು-ಬಿಳಿ ಕಲ್ಲಿನ ಬೋರ್ಡು: ಒಂದು ಕಡೆ ಹಡಗು, ಒಂದು ಕಡೆ ಆನೆ. ಓದು ಬಾರದವನಿಗೂ ಯಾರ ಅಂಗಡಿ ಅಂತ ಗೊತ್ತಾಗಬೇಕು ನೋಡಿ. ಸಾಲಾಗಿ ಅಮೃತಶಿಲೆಯ ಸಾರ್ವಜನಿಕ ಶೌಚಾಲಯ ಬೇರೆ ಇದೆ, ಮಧ್ಯೆ ಗೋಡೆ ಇಲ್ಲ, ಪಕ್ಕದವನ ಜೊತೆ ಹರಟೆ ಹೊಡೆಯುತ್ತಾ ಕೂರೋದು. ಓವರ್‌ಸಿಯರ್ ಸಾಹೇಬರಿಗೆ ಇಷ್ಟ ಆಗುತ್ತೆ. ಸೋಮವಾರ ಮಾತ್ರ ರಜೆ.

ಬಾಯ್ಬಡುಕ_ಬಸ್ಯಾ
ಮಗು ಜ್ವಾಲಾಮುಖಿ ಕೇಳ್ತಿದೆ, ನೀವು ಕಕ್ಕಸು ತೋರಿಸ್ತೀರಾ?

ಹೊಸಪೇಟೆ_ಹುಡುಗ
ಹಂಪಿ ನೋಡಿದವರಿಗೆ ಇದೆಲ್ಲ ಏನ್ ಮಹಾ. ನಮ್ಮಲ್ಲಿ ಇಲ್ಲದ್ದು ಅಲ್ಲೇನಿದೆ? ಅರ್ಧ ಗೋಡೆ ನೋಡೋಕೆ ಅಷ್ಟೊಂದು ಯೂರೋ.

ಇತಿಹಾಸದ_ಮೇಷ್ಟ್ರು
ಹುಡುಗ, ಹಂಪಿ ಮೇಲಿನ ಪ್ರೀತಿ ನನಗೂ ಇದೆ. ಆದರೆ ಇದು ಬೇರೆ ಕತೆ. ಹಂಪಿಯಲ್ಲಿ ಗುಡಿಗಳು ನಿಂತಿವೆ, ಅರಮನೆಯ ಪಾಯ ಇದೆ. ಸಾಮಾನ್ಯ ಜನ ಮಲಗಿದ ಕೋಣೆ ಎಷ್ಟು ಉಳಿದಿದೆ ಹೇಳು? ಪೊಂಪೇಯಿಯಲ್ಲಿ ಉಳಿದಿರೋದು ಅದೇ. ಕ್ರಿ.ಶ. 79ರಲ್ಲಿ ವೆಸುವಿಯಸ್ ಸಿಡಿದು ಎರಡು ದಿನದೊಳಗೆ ಊರು ಮುಚ್ಚಿಹೋಯಿತು. ಬೇಕರಿ, ಅಗಸರ ಅಂಗಡಿ, ಚುನಾವಣೆಗೆ ಗೋಡೆ ಮೇಲೆ ಬರೆದ "ಇಂಥವರಿಗೆ ಮತ ಕೊಡಿ" ಎಲ್ಲಾ ಹಾಗೇ ಸಿಕ್ಕಿತು. ಅಗೆತ ಶುರುವಾಗಿದ್ದು 1748ರಲ್ಲಿ, ಸುಮಾರು ಮೂರರಲ್ಲಿ ಒಂದು ಭಾಗ ಇವತ್ತಿಗೂ ಮಣ್ಣಿನಡಿಯಲ್ಲೇ ಇದೆ. ಬೇಕಂತಲೇ ಮುಂದಿನವರಿಗೆ ಬಿಟ್ಟಿದ್ದಾರೆ.

ಹೊಸಪೇಟೆ_ಹುಡುಗ
ಸರಿ ಮೇಷ್ಟ್ರೇ. ಲಾವಾ ಬಂದು ಮುಚ್ಚಿ ಜನ ಕಲ್ಲಾದರು ಅಂತ ಓದಿದ್ದೆ.

ಇತಿಹಾಸದ_ಮೇಷ್ಟ್ರು
ಲಾವಾ ಅಲ್ಲ. ಮೊದಲು ಗಂಟೆಗಟ್ಟಲೆ ಹಗುರವಾದ ಬೂದುಗಲ್ಲಿನ ಮಳೆ. ಅದರ ಭಾರಕ್ಕೆ ಚಾವಣಿಗಳು ಕುಸಿದವು. ಮಾರನೇ ದಿನ ಬೆಳಿಗ್ಗೆ ಕಾದ ಬೂದಿ ಮತ್ತು ಅನಿಲ ಒಟ್ಟಿಗೆ ನುಗ್ಗಿತು, ಉಳಿದವರು ಸತ್ತಿದ್ದು ಅದರಲ್ಲಿ. ಜನ ಕಲ್ಲೂ ಆಗಲಿಲ್ಲ. ಬೂದಿ ಗಟ್ಟಿಯಾಯಿತು, ಒಳಗಿನ ದೇಹ ಕರಗಿ ಹೋಯಿತು, ಆಕಾರದ ಟೊಳ್ಳು ಉಳಿಯಿತು. 1863ರಲ್ಲಿ ಅಲ್ಲಿನ ಅಗೆತ ನೋಡಿಕೊಳ್ಳುತ್ತಿದ್ದ ಫಿಯೊರೆಲ್ಲಿ ಅನ್ನುವವರು ಆ ಟೊಳ್ಳಿಗೆ ಜಿಪ್ಸಮ್ ಗಾರೆ ಸುರಿದರು. ನಾವು ನೋಡೋದು ಆ ಅಚ್ಚು. ಆದರೆ ಗಾರೆ ಒಳಗೆ ನಿಜವಾದ ಮೂಳೆಗಳೂ ಇವೆ, ಅದನ್ನು ಮಗುವಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ.

ತುಂಗೆಯ_ದಡ
ಒಂದು ಎಚ್ಚರಿಕೆ. ನಾವು ಹೋದಾಗ ನೇಪಲ್ಸ್ ಸ್ಟೇಷನ್ನಿನಲ್ಲಿ 'ಪೊಂಪೇಯಿ' ಅಂತ ಕಂಡ ತಕ್ಷಣ ಹತ್ತಿಬಿಟ್ಟೆವು. ಅದು ಪೊಜ್ಜೊಮರೀನೊ ಕಡೆಯ ರೈಲು! 'ಪೊಂಪೇಯಿ ಸಾಂತುವಾರಿಯೊ' ಅಂತ ಬಂತು. ಇಳಿದರೆ ಎದುರಿಗೆ ದೊಡ್ಡ ಚರ್ಚು, ಐಸ್‌ಕ್ರೀಮ್ ಅಂಗಡಿ, ಹಾಳೂರು ಎಲ್ಲೂ ಇಲ್ಲ. ನಮ್ಮತ್ತೆ ಸೀದಾ ಚರ್ಚಿನೊಳಗೆ ಹೋಗಿ ಕೈ ಮುಗಿದು "ಬಂದಿದ್ದು ಸಾರ್ಥಕ ಆಯ್ತು, ಇನ್ನು ಹೋಗೋಣ" ಅಂದರು.

ಗಂಟುಮೂಟೆ
ಹಹ್ಹ. ಆದರೆ ನೀವು ಇಳಿದದ್ದು ತಪ್ಪು ಜಾಗ ಅಲ್ಲವೇ ಅಲ್ಲ ಅಕ್ಕಾ. ಅಲ್ಲಿಂದ ಹತ್ತು ನಿಮಿಷ ನಡೆದರೆ ಆಂಫಿಥಿಯೇಟರ್ ಕಡೆಯ ಬಾಗಿಲು. ಜನ ಕಡಿಮೆ. ಗಾಲಿಕುರ್ಚಿಯವರಿಗೆ ಮಾಡಿರೋ ಸಮತಟ್ಟಾದ ದಾರಿಯೂ ಆ ಬಾಗಿಲಿನಿಂದಲೇ ಶುರು. ಮಂಡಿ ನೋವಿನವರಿಗೆ ಅದೇ ವಾಸಿ.

ತುಂಗೆಯ_ದಡ
ಅಯ್ಯೋ ದೇವರೇ. ನಾವು ವಾಪಸ್ ರೈಲು ಹತ್ತಿ ನೇಪಲ್ಸ್‌ಗೇ ಹೋಗಿದ್ದೆವು 🙈

ನ್ಯೂಜೆರ್ಸಿ_ಅತ್ತೆ
ಪ್ಯಾಕೇಜ್ ಟೂರ್ ಮಾತ್ರ ಬೇಡಮ್ಮ. ನಾವು ಹೋದ ಕಂಪನಿಯವರು "ಪೂರ್ತಿ ದಿನದ ಪೊಂಪೇಯಿ" ಅಂತ ದುಡ್ಡು ತೆಗೆದುಕೊಂಡು, ಬೆಳಿಗ್ಗೆ ಬಸ್ಸಿನಲ್ಲಿ ಹತ್ತಿಸಿಕೊಂಡು, ಮೊದಲು ಹವಳದ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಗಂಟೆ. ಆಮೇಲೆ ಊಟ, ಒಂದೂವರೆ ಗಂಟೆ. ಹಾಳೂರು ಒಂದು ಗಂಟೆ ಐವತ್ತು ನಿಮಿಷ, ಗಡಿಯಾರ ನೋಡಿಕೊಂಡೇ ಹೇಳ್ತಿದ್ದೇನೆ. ಗೈಡ್ ಕೋಲಿನ ತುದಿಯಲ್ಲಿ ಹಳದಿ ಬಟ್ಟೆ ಕಟ್ಟಿಕೊಂಡು ಓಡ್ತಿದ್ದ, ನಾವು ಕುರಿಮಂದೆ ಹಾಗೆ ಹಿಂದೆ.

ಒಗ್ಗರಣೆ_ಡಬ್ಬಿ
ಊಟದ ಬಗ್ಗೆ ಯಾರೂ ಹೇಳಲೇ ಇಲ್ಲ. ಅಪ್ಪ-ಅಮ್ಮ ಸಸ್ಯಾಹಾರಿಗಳಾದರೆ 'ಮರಿನಾರಾ' ಪಿಜ್ಜಾ ಕೇಳಿ. ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ, ಒರೆಗಾನೊ, ಅಷ್ಟೇ. ಚೀಸ್ ಇರಲ್ಲ.

ನ್ಯೂಜೆರ್ಸಿ_ಅತ್ತೆ
ಚೀಸ್ ಇದ್ದರೆ ಏನಾಯ್ತು? ಹಾಲಿಂದ ತಾನೇ ಮಾಡೋದು.

ಒಗ್ಗರಣೆ_ಡಬ್ಬಿ
ಹಾಲು ಒಡೆಯೋಕೆ ಕರುವಿನ ಹೊಟ್ಟೆಯ ರೆನೆಟ್ ಹಾಕ್ತಾರೆ ಅತ್ತೆ. ಪಾರ್ಮೆಸಾನ್‌ಗಂತೂ ಅದೇ ಆಗಬೇಕು.

ನ್ಯೂಜೆರ್ಸಿ_ಅತ್ತೆ
ಇಪ್ಪತ್ತು ವರ್ಷದಿಂದ ತಿಂತಿದ್ದೇನೆ, ಈಗ ಹೇಳ್ತೀಯಲ್ಲ. ನೀನು ಹೇಳದೇ ಇದ್ದಿದ್ದರೆ ಚೆನ್ನಾಗಿತ್ತು.

ಬಾಯ್ಬಡುಕ_ಬಸ್ಯಾ
ಅತ್ತೆಯವರ ಮುಂದಿನ ಪಿಜ್ಜಾ ಮೇಲೆ ಬೂದಿ ಸುರಿದ ಒಗ್ಗರಣೆ ಡಬ್ಬಿ.

ನಿಧಾನಿ
ಹಿರಿಯರು, ಮಕ್ಕಳ ಜೊತೆ ಹೋಗೋರು 'ಲುಪನಾರ್' ಅಂತ ಬೋರ್ಡು ಕಂಡರೆ ದಾರಿ ಬದಲಿಸಿ. ವೇಶ್ಯಾಗೃಹ, ಗೋಡೆ ತುಂಬ ಚಿತ್ರ. ನಾನು ಮಾವನವರ ಜೊತೆ ಸರತಿಯಲ್ಲಿ ನಿಂತಿದ್ದೆ, ಜಾಸ್ತಿ ಜನ ಇದ್ದಾರೆ ಅಂದರೆ ಏನೋ ದೊಡ್ಡದೇ ಇರಬೇಕು ಅಂತ. ಹೊರಗೆ ಬಂದ ಮೇಲೆ ಅರ್ಧ ಗಂಟೆ ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು.

ಹೊಸಪೇಟೆ_ಹುಡುಗ
ಪೊಂಪೇಯಿಯಲ್ಲಿ ಲಕ್ಷ್ಮಿ ವಿಗ್ರಹ ಸಿಕ್ಕಿದೆಯಂತೆ ಅಲ್ವಾ? ರೋಮನ್ನರು ಲಕ್ಷ್ಮಿ ಪೂಜೆ ಮಾಡ್ತಿದ್ದರು ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು.

ಇತಿಹಾಸದ_ಮೇಷ್ಟ್ರು
ಬಂದೇ ಬರುತ್ತೆ ಅಂತ ಕಾಯ್ತಿದ್ದೆ. ಸಿಕ್ಕಿದ್ದು ನಿಜ, 1938ರಲ್ಲಿ. ಆನೆದಂತದ ಗೊಂಬೆ, ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಎತ್ತರ. ಮೈತುಂಬ ಒಡವೆ, ಎರಡೂ ಪಕ್ಕ ಒಬ್ಬೊಬ್ಬ ಪುಟ್ಟ ಸೇವಕಿ. ಮೊದಲು ಲಕ್ಷ್ಮಿ ಅಂದರು, ಆ ಹೆಸರೇ ಅಂಟಿಕೊಂಡಿತು. ಈಗ ಬಹಳಷ್ಟು ವಿದ್ವಾಂಸರು ಯಕ್ಷಿ ಅಂತಾರೆ. ತಲೆಯಿಂದ ಕೆಳಗೆ ತೂತು ಕೊರೆದಿದ್ದಾರೆ, ಅಂದರೆ ಕನ್ನಡಿ ಹಿಡಿಯೋ ಪೀಠದ ಕಾಲೋ ಏನೋ ಆಗಿತ್ತು, ಪೂಜೆಯ ವಿಗ್ರಹ ಅಲ್ಲ. ಬುಡದಲ್ಲಿ ಖರೋಷ್ಠಿ ಅಕ್ಷರ ಇದೆ, ಅದು ವಾಯವ್ಯ ಭಾರತದ ಹಳೇ ಲಿಪಿ. ಇದನ್ನೇ ಹೋಲುವ ಗೊಂಬೆಗಳು ಮಹಾರಾಷ್ಟ್ರದ ತೇರ್ ಮತ್ತು ಭೋಕರ್ದನ್‌ನಲ್ಲಿ ಸಿಕ್ಕಿವೆ.

ಮಲ್ಲಿಗೆಯವರೇ, ಅದು ಪೊಂಪೇಯಿಯಲ್ಲಿ ನೋಡೋಕೆ ಸಿಗಲ್ಲ, ನೇಪಲ್ಸ್ ಮ್ಯೂಸಿಯಂಗೆ ಹೋಗಬೇಕು. ಅದೂ 'ರಹಸ್ಯ ಕೋಣೆ'ಯಲ್ಲಿ, ಅಂದರೆ ನಿಧಾನಿಯವರು ಮಾವನ ಜೊತೆ ನೋಡಿದಂಥ ಚಿತ್ರಗಳ ಮಧ್ಯೆ ಇಟ್ಟಿದ್ದಾರೆ. ಮಂಗಳವಾರ ಮ್ಯೂಸಿಯಂ ರಜೆ.

ಕೋಟೆನಾಡು
ರೋಮ್ ನಂಟು ನೋಡೋಕೆ ಇಟಲಿಗೇ ಹೋಗಬೇಕಿಲ್ಲ ಸ್ವಾಮಿ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಆಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯ ಸಿಕ್ಕಿವೆ. 1947ರಲ್ಲಿ ಪುರಾತತ್ವ ಇಲಾಖೆಯ ವೀಲರ್ ಸಾಹೇಬರೂ ಅಲ್ಲಿ ಅಗೆದರು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲೇ ರೋಮನ್ ನಾಣ್ಯಗಳ ರಾಶಿ ಸಿಕ್ಕಿತ್ತು. ಈಗ ಅಲ್ಲಿ ಫ್ಲೈಓವರ್ ಕೆಳಗೆ ಸಿಗ್ನಲ್‌ಗೆ ಕಾಯೋರಿಗೆ ಯಾರಿಗೂ ಗೊತ್ತಿಲ್ಲ.

ಇತಿಹಾಸದ_ಮೇಷ್ಟ್ರು
ಸರಿಯಾಗಿ ಹೇಳಿದಿರಿ. "ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ನಮ್ಮಿಂದ ಎಳೆದುಕೊಳ್ಳುತ್ತೆ" ಅಂತ ಗೊಣಗಿ ಬರೆದಿಟ್ಟವನು ರೋಮನ್ ಲೇಖಕ ಹಿರಿಯ ಪ್ಲಿನಿ. ಮೆಣಸು, ಮುತ್ತು, ಬಟ್ಟೆ ಅಂತ ಸಿರಿವಂತರ ಶೋಕಿಗೆ ದುಡ್ಡೆಲ್ಲ ಪೂರ್ವಕ್ಕೆ ಹೋಗ್ತಿದೆ ಅಂತ ಅವನ ಸಂಕಟ. ಅವನು ಸತ್ತಿದ್ದೂ ಇದೇ ವೆಸುವಿಯಸ್ ಸ್ಫೋಟದಲ್ಲೇ. ನೌಕಾಪಡೆಯ ಮುಖ್ಯಸ್ಥ ಆಗಿದ್ದ. ಜನರನ್ನು ಕಾಪಾಡೋಕೆ ಅಂತ ಹಡಗು ತೆಗೆದುಕೊಂಡು ಹೋದವನು ವಾಪಸ್ ಬರಲಿಲ್ಲ.

ಬಾಯ್ಬಡುಕ_ಬಸ್ಯಾ
ಗ್ರೀಕ್ ನಾಟಕದಲ್ಲಿ ಕನ್ನಡ ಮಾತಿದೆಯಂತಲ್ಲ, ಅದೂ ಇದೇ ಕಾಲದ್ದಾ?

ಇತಿಹಾಸದ_ಮೇಷ್ಟ್ರು
ಆ ನಾಟಕ ಸಿಕ್ಕಿದ್ದು ಈಜಿಪ್ಟಿನ ಪಪೈರಸ್ ಹಾಳೆಯಲ್ಲಿ, ಆ ಮಾತು ಕನ್ನಡವೇ ಅಂತ ಎಲ್ಲರೂ ಒಪ್ಪಿಲ್ಲ. ಅದಕ್ಕೆ ಬೇರೆ ಚರ್ಚೆ ತೆಗಿ ಮಾರಾಯ, ಇಲ್ಲಿ ಶುರು ಮಾಡಿದರೆ ಆಯಮ್ಮನ ರಜೆಯೇ ಮುಗಿದುಹೋಗುತ್ತೆ.

ಗಂಟುಮೂಟೆ
ಮೂರನೇ ದಾರಿ ಒಂದಿದೆ: ಹರ್ಕ್ಯುಲೇನಿಯಮ್, ಅದೇ ಸ್ಫೋಟದಲ್ಲಿ ಹೂತುಹೋದ ಇನ್ನೊಂದು ಊರು. ಅದೇ ರೈಲಿನಲ್ಲಿ ಅರ್ಧ ದಾರಿಗೇ ಎರ್ಕೊಲಾನೊ ಸ್ಟೇಷನ್. ಚಿಕ್ಕ ಜಾಗ, ಎರಡು-ಮೂರು ಗಂಟೆಗೆ ಮುಗಿಯುತ್ತೆ. ಇದ್ದಿಲಾದ ಮರದ ತೊಲೆ, ಬಾಗಿಲು, ಮಂಚ ಎಲ್ಲಾ ಹಾಗೇ ಇವೆ, ಮಹಡಿ ಮನೆಗಳೂ ನಿಂತಿವೆ. ನನ್ನನ್ನು ಕೇಳಿದರೆ ಪೊಂಪೇಯಿಗಿಂತ ಚೆನ್ನಾಗಿದೆ.

ಬಾಯ್ಬಡುಕ_ಬಸ್ಯಾ
ಒಪ್ಪಲ್ಲ. ಪೊಂಪೇಯಿಯ ದೊಡ್ಡಸ್ತಿಕೆಯೇ ಬೇರೆ. ನಡೆದಷ್ಟೂ ಊರು.

ಗಂಟುಮೂಟೆ
ನಡೆಯೋದು ನೀನಲ್ಲ, ಅಮ್ಮನವರು.

ಮ್ಯೂನಿಕ್_ಮಲ್ಲಿಗೆ
ಎಲ್ಲರಿಗೂ ಥ್ಯಾಂಕ್ಸ್. ನೇಪಲ್ಸ್‌ನಲ್ಲಿ ಒಂದು ರಾತ್ರಿ ಬುಕ್ ಮಾಡಿದೆ. ಆಂಫಿಥಿಯೇಟರ್ ಬಾಗಿಲಿನಿಂದ ಪೊಂಪೇಯಿ. ಯಜಮಾನರು ಸುಮ್ಮನಾಗಿದ್ದಾರೆ, ಒಪ್ಪಿದ್ದಾರೆ ಅಂದುಕೊಂಡಿದ್ದೇನೆ. ಬಂದು ಬರೆಯುತ್ತೇನೆ.

(ಮೂರು ವಾರದ ನಂತರ)

ಒಗ್ಗರಣೆ_ಡಬ್ಬಿ
ಮಲ್ಲಿಗೆ ಅಕ್ಕ ಬೂದಿಯಲ್ಲಿ ಹೂತುಹೋದರಾ?

ಮ್ಯೂನಿಕ್_ಮಲ್ಲಿಗೆ
ಬಂದೆ ಬಂದೆ. ಮನೆಗೆ ಬಂದ ದಿನದಿಂದ ಬಟ್ಟೆ ಒಗೆಯೋದೇ ಆಯಿತು.

ಬೆಳಿಗ್ಗೆ 9ಕ್ಕೆ ಒಳಗೆ, ಮಧ್ಯಾಹ್ನ ಒಂದೂವರೆಗೆ ಹೊರಗೆ. ಎಲ್ಲಾ ನೋಡಬೇಕು ಅನ್ನೋ ಆಸೆ ಮೊದಲೇ ಬಿಟ್ಟಿದ್ದೆವು. ಒಬ್ಬೊಬ್ಬರು ಒಂದೊಂದು ಆರಿಸಿಕೊಳ್ಳಿ, ಅಷ್ಟೇ ನೋಡೋದು ಅಂತ ರೈಲಿನಲ್ಲೇ ತೀರ್ಮಾನ ಆಗಿತ್ತು.

ಅಪ್ಪನದು ಚರಂಡಿ, ಹೇಳಬೇಕಾ. ಆದರೆ ಅಲ್ಲಿ ಬಹಳ ರಸ್ತೆಗಳಿಗೆ ಚರಂಡಿಯೇ ಇಲ್ಲ! ನೀರು, ಗಲೀಜು ಎಲ್ಲಾ ರಸ್ತೆ ಮೇಲೇ ಹರೀತಿತ್ತಂತೆ. ಅದಕ್ಕೇ ಎರಡೂ ಕಡೆ ಎತ್ತರದ ಕಟ್ಟೆ, ದಾಟೋಕೆ ಮಧ್ಯೆ ದೊಡ್ಡ ದೊಡ್ಡ ಕಲ್ಲು. ಕಲ್ಲುಗಳ ನಡುವೆ ಗಾಡಿಚಕ್ರಕ್ಕೆ ಸಂದು ಬಿಟ್ಟಿದ್ದಾರೆ, ಆ ಸಂದಿನಲ್ಲಿ ಚಕ್ರ ಉಜ್ಜಿ ಉಜ್ಜಿ ಕಲ್ಲು ಸವೆದು ಕಾಲುವೆ ಹಾಗೆ ಆಗಿದೆ. ಅಪ್ಪ ಬಗ್ಗಿ ಛತ್ರಿ ತುದಿ ಅದರಲ್ಲಿ ಇಳಿಸಿ ಆಳ ನೋಡಿದರು. "ರಸ್ತೆನೇ ಚರಂಡಿ ಮಾಡಿಟ್ಟಿದ್ದಾರೆ. ಈ ಎಸ್ಟಿಮೇಟ್ ನಾನಾಗಿದ್ದರೆ ಪಾಸ್ ಮಾಡ್ತಿರಲಿಲ್ಲ" ಅಂದರು. ಮುಖದಲ್ಲಿ ಬೇಜಾರು. ಆದರೆ ಮುಂದೆ ಒಂದು ಮೂಲೆಯಲ್ಲಿ ಇಟ್ಟಿಗೆ ಕಂಬ ಸಿಕ್ಕಿತು, ಪಕ್ಕದಲ್ಲಿ ಸೀಸದ ಪೈಪು ಇನ್ನೂ ನೆಲದಿಂದ ಹೊರಗೆ ಕಾಣುತ್ತೆ. ಕಂಬದ ನೆತ್ತಿಯಲ್ಲಿ ಸೀಸದ ತೊಟ್ಟಿ ಇತ್ತಂತೆ. ಊರಿನ ಎತ್ತರದ ಬಾಗಿಲಿನಿಂದ ನೀರು ಇಳಿಜಾರಿನಲ್ಲಿ ನುಗ್ಗಿ ಬರುತ್ತೆ, ಈ ತೊಟ್ಟಿಗಳಿಗೆ ಏರಿ ಇಳಿದರೆ ಒತ್ತಡ ಕಡಿಮೆ ಆಗುತ್ತೆ, ಪೈಪು ಒಡೆಯಲ್ಲ. ಅಲ್ಲಿಗೆ ಅಪ್ಪ ರೋಮನ್ನರನ್ನು ಕ್ಷಮಿಸಿಬಿಟ್ಟರು. ಯಜಮಾನರಿಗೆ ಅರ್ಧ ಗಂಟೆ ಓವರ್‌ಹೆಡ್ ಟ್ಯಾಂಕಿನ ಪಾಠ ಆಯಿತು.

ಅಮ್ಮ ಯಾವುದನ್ನೂ ಆರಿಸಿರಲಿಲ್ಲ. "ನೀವು ನೋಡಿದ್ದೇ ನಾನೂ ನೋಡ್ತೀನಿ" ಅಂದಿದ್ದರು. ಆದರೆ ಬೇಕರಿ ಹತ್ತಿರ ನಿಂತವರು ಕದಲಲಿಲ್ಲ. ಕಪ್ಪು ಕಲ್ಲಿನ ದೊಡ್ಡ ಬೀಸೋ ಕಲ್ಲುಗಳು ಸಾಲಾಗಿ ನಿಂತಿವೆ. ಕೆಳಗೆ ಶಂಕುವಿನ ಹಾಗೆ ಒಂದು, ಅದರ ಮೇಲೆ ಡಮರುಗದ ಆಕಾರದ ಇನ್ನೊಂದು. ಮೇಲಿಂದ ಕಾಳು ಸುರಿದು, ಪಕ್ಕದ ತೂತಿಗೆ ಮರದ ಗೂಟ ಸಿಗಿಸಿ ಕತ್ತೆ ಕಟ್ಟಿ ತಿರುಗಿಸೋದು. ಹಿಂದೆ ಒಲೆ, ಬಾಯಿ ತೆರೆದುಕೊಂಡು ಹಾಗೇ ಇದೆ. ಅಮ್ಮ ಹಗ್ಗದ ಈಚೆಯಿಂದಲೇ ಬಗ್ಗಿ ನೋಡಿ "ಹಿಟ್ಟು ಎಲ್ಲಿ ಬೀಳುತ್ತೆ?" ಅಂತ ಕೇಳಿದರು. ನಮಗ್ಯಾರಿಗೂ ಅದು ಹೊಳೆದೇ ಇರಲಿಲ್ಲ. ಬುಡದ ಸುತ್ತ ನೋಡಿದರೆ ಅಂಚು ಕಾಣಿಸಿತು, ಅದರ ಮೇಲೆ ಸೀಸದ ತಗಡು ಇರ್ತಿತ್ತು ಅಂತ ಆಮೇಲೆ ಓದಿ ಹೇಳಿದೆ. "ಕತ್ತೆ ಸುತ್ತು ಹಾಕೋಕೆ ಜಾಗ ಬಹಳ ಇಕ್ಕಟ್ಟು. ಪಾಪದ್ದು" ಅಂದರು. ಊರಲ್ಲಿ ಅವರು ರಾಗಿ ಬೀಸಿ ಬೆಳೆದವರು. ಆ ದಿನ ಮಂಡಿ ಬಗ್ಗೆ ಒಂದು ಸಲವೂ ಮಾತು ಬರಲಿಲ್ಲ. ಮಾರನೇ ದಿನ ಬಂತು, ಅದು ಬೇರೆ ವಿಷಯ.

ಮಗಳಿಗೆ ಅಚ್ಚುಗಳು. ಮೇಷ್ಟ್ರು ಹೇಳಿದ ಹಾಗೆ ಮೊದಲೇ ವಿವರಿಸಿದ್ದೆ. ಪಲಾಯನ ಮಾಡಿದವರ ತೋಟ ಅಂತ ಒಂದು ಕಡೆ 13 ಜನರದ್ದು ಇದೆ, ಅದರಲ್ಲಿ ಮಕ್ಕಳೂ ಇದ್ದಾರೆ. ಗಾಜಿನ ಮುಂದೆ ನಿಂತು ಎಣಿಸಿದಳು. ಏನೂ ಕೇಳಲಿಲ್ಲ. ಹೊರಗೆ ಬಂದು ಅಜ್ಜಿ ಕೈ ಹಿಡಿದುಕೊಂಡಳು, ಆಮೇಲೆ ಊಟದವರೆಗೂ ಬಿಡಲಿಲ್ಲ. ರೈಲಿನಲ್ಲಿ ಕಿಟಕಿಯಿಂದ ಬೆಟ್ಟ ನೋಡುತ್ತಾ "ಇದು ಈಗ ನಿದ್ದೆ ಮಾಡ್ತಿದೆಯಾ ಸತ್ತಿದೆಯಾ?" ಅಂದಳು. 1944ರಲ್ಲಿ ಕೊನೆಯ ಸಲ ಸಿಡಿದಿದ್ದು, ನಿದ್ದೆ ಅಂದೆ. ಅಲ್ಲಿಗೆ ಪ್ರಶ್ನೆ ಮುಗಿಯಿತು ಅಂದುಕೊಂಡೆ. "ಮತ್ತೆ ಇಷ್ಟೊಂದು ಮನೆ ಯಾಕೆ ಕಟ್ಟಿದ್ದಾರೆ?" ಅಂತ ಬಂತು. ಅಪ್ಪ "ಪರ್ಮಿಷನ್ ಕೊಟ್ಟವನನ್ನ ಕೇಳಬೇಕು" ಅಂದರು.

ಇತಿಹಾಸದ_ಮೇಷ್ಟ್ರು
ಹಿಟ್ಟು ಎಲ್ಲಿ ಬೀಳುತ್ತೆ ಅಂತ ನಾನೂ ಯಾವತ್ತೂ ಯೋಚಿಸಿರಲಿಲ್ಲ. ಅಮ್ಮನವರಿಗೆ ನಮಸ್ಕಾರ ತಿಳಿಸಿ. ಅಂದಹಾಗೆ ಸ್ಫೋಟ ಆದ ದಿನ ಮಗಳು ಶಾಲೆಯಲ್ಲಿ 'ಆಗಸ್ಟ್ 24' ಅಂತ ಬರೆದರೆ ತಪ್ಪಿಲ್ಲ, ಆದರೆ ಅಕ್ಟೋಬರ್ ಅನ್ನೋ ವಾದವೂ ಇದೆ. 2018ರಲ್ಲಿ ಒಂದು ಮನೆ ಗೋಡೆ ಮೇಲೆ ಇದ್ದಿಲಲ್ಲಿ ಗೀಚಿದ ಅಕ್ಟೋಬರ್ 17ರ ತಾರೀಖು ಸಿಕ್ಕಿತು, ವರ್ಷ ಬರೆದಿಲ್ಲ. ಅಲ್ಲಿಂದ ಎರಡು ಪಂಗಡ, ಇನ್ನೂ ಮುಗಿದಿಲ್ಲ.

ಮ್ಯೂನಿಕ್_ಮಲ್ಲಿಗೆ
ಅವಳಿಗೆ ಹೇಳಿದೆ ಮೇಷ್ಟ್ರೇ. ಟೀಚರ್‌ಗೆ ಹೇಳ್ತೀನಿ ಅಂತ ಈಗಲೇ ಕುಣೀತಿದ್ದಾಳೆ.

ನಿಧಾನಿ
ಲುಪನಾರ್ ತಪ್ಪಿಸಿದಿರಾ?

ಮ್ಯೂನಿಕ್_ಮಲ್ಲಿಗೆ
ಅದನ್ನು ತಪ್ಪಿಸಿದೆವು. ಆದರೆ ರಸ್ತೆ ಕಲ್ಲಿನ ಮೇಲೆ ಕೆತ್ತಿದ್ದೊಂದನ್ನು ತೋರಿಸಿ ಅಪ್ಪ "ಇದೇನು, ದಿಕ್ಕು ತೋರಿಸೋ ಬಾಣನಾ?" ಅಂತ ಎಲ್ಲರ ಮುಂದೆ ಕೇಳಿದರು. ಹೌದು ಅಂದುಬಿಟ್ಟೆ.

ಬಾಯ್ಬಡುಕ_ಬಸ್ಯಾ
😂😂😂

ನ್ಯೂಜೆರ್ಸಿ_ಅತ್ತೆ
ಊಟಕ್ಕೆ ಏನು ಮಾಡಿದಿರಿ? ನಾನಂತೂ ಚೀಸ್ ಬಿಟ್ಟಿಲ್ಲ.

ಮ್ಯೂನಿಕ್_ಮಲ್ಲಿಗೆ
ಚಪಾತಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡಿದ್ದೆವು. ಬೀದಿಬದಿಯ ನಲ್ಲಿಗಳಲ್ಲಿ ಕುಡಿಯೋ ನೀರು ಬರುತ್ತೆ, ಬಾಟಲಿ ತುಂಬಿಸಿಕೊಳ್ಳಬಹುದು. ಸಂಜೆ ನೇಪಲ್ಸ್‌ನಲ್ಲಿ ಮರಿನಾರಾ. ಅಮ್ಮ ಒಂದು ತುಂಡು ತಿಂದು ಬ್ಯಾಗಿನಿಂದ ಚಟ್ನಿಪುಡಿ ತೆಗೆದು ಮೇಲೆ ಉದುರಿಸಿಕೊಂಡರು. ಮಾಣಿ ಬಂದು ಬಗ್ಗಿ ನೋಡಿದ, ಅವನಿಗೂ ಚೂರು ಕೊಟ್ಟರು.

ತುಂಗೆಯ_ದಡ
ನಮ್ಮ ತಂಗಿ ಮನೆಯವರು ಡಿಸೆಂಬರ್‌ನಲ್ಲಿ ಹೋಗ್ತಿದ್ದಾರೆ, ಮಗುವಿಗೆ ಒಂದೂವರೆ ವರ್ಷ. ತಳ್ಳುಗಾಡಿ ನಡೆಯುತ್ತಾ?

ಗಂಟುಮೂಟೆ
ಸಮತಟ್ಟಾದ ದಾರಿ ಬಿಟ್ಟರೆ ಉಳಿದ ಕಡೆ ಆಗಲ್ಲ, ಆ ಕಲ್ಲಿನ ಮೇಲೆ ಚಕ್ರ ಮುರಿದುಹೋಗುತ್ತೆ. ಎದೆಗೆ ಕಟ್ಟಿಕೊಳ್ಳೋ ಚೀಲ ಒಯ್ಯೋಕೆ ಹೇಳಿ. ಚಳಿಗಾಲದಲ್ಲಿ ಬಾಗಿಲು ಬೇಗ ಹಾಕ್ತಾರೆ, ಬೆಳಿಗ್ಗೆಯೇ ಹೋಗಲಿ. ಮತ್ತೆ ರೈಲು ಸೊರೆಂಟೊದ್ದು ಅಕ್ಕಾ, ಸೊರೆಂಟೊದ್ದು.